ಸ್ಟೆಪ್ನಿ ಇಲ್ಲದ ಕಾರು

ಏಳನೇ ಕ್ಲಾಸಿನ ಪರೀಕ್ಷೆ ಶುರುವಾದ ಸೋಮವಾರ ನಾನು ಮೊದಲ ಸಲ ಮನೆ ಬಿಟ್ಟೆ. ಆಮೇಲೆ ಕಾರ್ ಡ್ರೈವರಾಗಿ ಎಷ್ಟೋ ಓನರುಗಳನ್ನು ಬಿಟ್ಟಿದ್ದೇನೆ. ಇಂದಿರಾನಗರದ ಸಾಹೇಬರನ್ನು ಬಿಡಿಸಿದ್ದು ಟೈರು.

ಗಾಳಿ ಹೋದರೂ ಓಡುವ ರನ್‌ಫ್ಲಾಟ್ ಟೈರುಗಳ ಕುಲುಕಾಟ ಅವರ ಸೊಂಟಕ್ಕೆ ಸಾಕಾಗಿತ್ತು. ಮಾಮೂಲಿ ಟೈರು ಹಾಕಿಸಲು ಶಿವಾಜಿನಗರಕ್ಕೆ ಬಂದೆವು.

"ಹಾಕ್ತೀನಿ ಸಾಬ್, ಆದ್ರೆ ಇವು ಗಾಳಿ ಹೋದ್ರೆ ಓಡಲ್ಲ. ಡಿಕ್ಕೀಲಿ ಒಂದು ಸ್ಟೆಪ್ನಿ ಚಕ್ರ ಇಟ್ಕೊಳ್ಳಿ," ಅಂದರು ಅಂಗಡಿಯ ಭಾಯ್.

"ಡಿಕ್ಕೀಲಿ ನನ್ನ ಗಾಲ್ಫ್ ಬ್ಯಾಗಿದೆ. ಪಂಕ್ಚರ್ ಆದ್ರೆ ಡ್ರೈವರ್ ಇದಾನಲ್ರೀ!" ಅಂದರು ಸಾಹೇಬರು.

ನನಗೆ ಮೈಯೆಲ್ಲ ಉರಿಯಿತು. ನಾಳೆ ಅದೇ ಕಾರಲ್ಲಿ ಘಾಟಿ ಇಳಿಯಬೇಕಾದವನು ನಾನು.

"ಚಕ್ರದ ಜಾಗಕ್ಕೆ ನನ್ನನ್ನೇ ಸಿಗಿಸ್ತೀರಾ ಸಾರ್?"

"ಮಾತು ಜಾಸ್ತಿ ಆಯ್ತು ನಿಂದು."

ಕಾರಿನ ಕೀ ಭಾಯ್ ಕೈಗೆ ಕೊಟ್ಟು ನಡೆದುಬಿಟ್ಟೆ. ಈಗ ಸಾಹೇಬರು ಕೊಟ್ಟಿದ್ದ ಹಲಸೂರಿನ ರೂಮಲ್ಲಿ ಬಟ್ಟೆ ತುಂಬಿಕೊಳ್ಳುತ್ತಿದ್ದೇನೆ. ನನ್ನ ಬ್ಯಾಗಿಗೆ ಡಿಕ್ಕಿ ಬೇಕಿಲ್ಲ, ಹೆಗಲು ಸಾಕು.