ಬಸ್ಸಿನಲ್ಲಿ ಹೋದ ಹರಕೆಯ ಹಾಲು

ನಾನು ನಿಮಗಿಂತಲೂ ಚಿಕ್ಕವಳಿದ್ದಾಗ, ಸೀತೂರಿನ ನಮ್ಮ ಮನೆಯ ಹಸು ಕರು ಹಾಕಲು ಬಹಳ ಕಷ್ಟಪಟ್ಟಿತು. ಕರುವಿನ ಹಿಂಗಾಲು ಮೊದಲು ಬಂದಿತ್ತು. ಅಪ್ಪ ಕೈಗೆ ಎಣ್ಣೆ ಸವರಿಕೊಂಡು ಎಳೆಯುತ್ತಿದ್ದರೆ ಅಮ್ಮ ಕೊಟ್ಟಿಗೆಯ ಬಾಗಿಲಲ್ಲೇ ಕೈಮುಗಿದು ನಿಂತಳು. “ಎರಡು ಜೀವಾನೂ ಉಳಿಸು ಶಿವನೇ, ತುಂಬಿದ ಕೊಡ ಹಾಲು ತಂದು ಅಭಿಷೇಕ ಮಾಡಿಸ್ತೀನಿ” ಎಂದು ಹರಕೆ ಹೊತ್ತಳು. ಎರಡೂ ಉಳಿದವು. ಅವನ ದಯೆ.

ಕರು ಹಾಕಿದ ಹೊಸತರಲ್ಲಿ ಆ ಹಾಲು ದೇವರಿಗೆ ಸಲ್ಲುವುದಿಲ್ಲ. ಪುರುಡು ಕಳೆದ ಮೇಲೆ ಬಂದ ಸೋಮವಾರ ಬೆಳಿಗ್ಗೆ ಕರೆದ ಹಾಲಷ್ಟನ್ನೂ ಅಮ್ಮ ಒಂದು ಸಣ್ಣ ಹಿತ್ತಾಳೆ ಕೊಡಕ್ಕೆ ಸೋಸಿದಳು. ಕೊಡ ಕೊರಳಿನವರೆಗೆ ತುಂಬಿತು. ನಮಗೆಲ್ಲ ಅವತ್ತು ಕರಿ ಕಾಫಿ. ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಲೆಯನ್ನು ಕೊಡದ ಬಾಯಿಗೆ ಮುಚ್ಚಿ, ಬಾಳೆನಾರಿನಿಂದ ಬಿಗಿದು, ಅಪ್ಪ, ಅಮ್ಮ, ಅಕ್ಕ, ನಾನು ರಸ್ತೆಗೆ ಬಂದೆವು. ಹೋಗಬೇಕಾದದ್ದು ಅಮ್ಮನ ತವರೂರು ಭಂಡಿಗಡಿಗೆ, ಅಲ್ಲಿನ ಈಶ್ವರನ ಗುಡಿಗೆ.

ಬಸ್ಸಿನಲ್ಲಿ ಡೀಸೆಲ್ ವಾಸನೆ, ಮೀನಿನ ಬುಟ್ಟಿಯ ವಾಸನೆ, ಯಾರದೋ ತಲೆಯ ಮಲ್ಲಿಗೆ ಎಲ್ಲ ಸೇರಿತ್ತು. ಅಮ್ಮನಿಗೆ ಹೇಗೋ ಸೀಟು ಸಿಕ್ಕಿತು. ಕೊಡವನ್ನು ಮಡಿಲಲ್ಲಿಟ್ಟು ಎರಡು ಕೈಯಲ್ಲೂ ಎದೆಗೆ ಅವಚಿಕೊಂಡಳು. ಕಂಡಕ್ಟರ್ “ರೈಟ್” ಎಂದ. ಬಸ್ಸು ಮುಂದಕ್ಕೆ ಜಿಗಿಯಿತು, ಹಾಲು ಮಾತ್ರ ಹಿಂದಕ್ಕೆ ಜಿಗಿಯಿತು! ಬಾಳೆಲೆ ಹರಿದು ಅಮ್ಮನ ಸೀರೆಯೆಲ್ಲ ಒದ್ದೆ.

ಅಮ್ಮ ಇನ್ನೂ ಗಟ್ಟಿಯಾಗಿ ಹಿಡಿದಳು. ತಿರುವಿನಲ್ಲಿ ಬಸ್ಸು ಎಡಕ್ಕೆ ತಿರುಗಿದರೆ ಹಾಲು ಬಲಕ್ಕೆ ನುಗ್ಗಿ ಪಕ್ಕದಲ್ಲಿ ನಿಂತಿದ್ದ ನನ್ನ ಲಂಗಕ್ಕೆ ಬಿತ್ತು. ರಸ್ತೆಗೆ ಎಮ್ಮೆ ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದಾಗ ಮುಂದಕ್ಕೆ ಹಾರಿ ಮುಂದಿನ ಸೀಟಿನವರ ಇಸ್ತ್ರಿ ಅಂಗಿಯ ಬೆನ್ನಿಗೆ ಬಿತ್ತು.

ಅಪ್ಪ ಟಿಕೆಟ್ ಕೊಳ್ಳುವಾಗ ಭಂಡಿಗಡಿಯ ಗುಡಿಗೆ ಎಂದದ್ದು ಅವರಿಗೂ ಕೇಳಿಸಿತ್ತು. ತಿರುಗಿ ನೋಡಿದರು. “ಅಮ್ಮಾ, ಈಶ್ವರ ಅಲ್ಲಿ ಭಂಡಿಗಡೀಲಿ ಕಾಯ್ತಿದಾನೆ. ನಂಗ್ಯಾಕೆ ಅಭಿಷೇಕ ಮಾಡ್ತಿದೀರಿ ಮಾರಾಯ್ರೆ?”

ಬಸ್ಸೆಲ್ಲ ನಕ್ಕಿತು. ಅಮ್ಮ ನಗಲಿಲ್ಲ. ಕೊಡದೊಳಗೆ ಬಗ್ಗಿ ನೋಡಿದಳು. ಹಾಲು ಕೊರಳು ಬಿಟ್ಟು ಕೆಳಗಿಳಿದಿತ್ತು. ತುಂಬಿದ ಕೊಡ ಎಂದು ಬಾಯಿಬಿಟ್ಟು ಹೇಳಿದ್ದಳಲ್ಲ! ಘಾಟಿಯ ತಿರುವುಗಳೆಲ್ಲ ಇನ್ನೂ ಮುಂದಿದ್ದವು. ಹೀಗೇ ಹೋದರೆ ಗುಡಿ ಮುಟ್ಟುವಷ್ಟರಲ್ಲಿ ತಳ ಕಾಣುವುದು ಖಂಡಿತ. ಅವಳ ಕಣ್ಣು ತುಂಬಿತು.

“ಮುಂದೆ ಹಳ್ಳ ಇದೆಯಲ್ಲ, ಒಂದು ತಂಬಿಗೆ ನೀರು ಬೆರೆಸಿದ್ರಾಯ್ತು ಬಿಡೆ” ಎಂದು ಅಪ್ಪ ನಗಿಸಲು ನೋಡಿದರು.

“ದೇವರ ಹತ್ರಾನೂ ನಿಮ್ಮ ವ್ಯಾಪಾರ ಬೇಡ” ಎಂದಳು ಅಮ್ಮ.

ಆಗ ಅಕ್ಕ ಅಪ್ಪನ ಚೀಲಕ್ಕೆ ಕೈಹಾಕಿದಳು. ಅದರಲ್ಲಿ ಕರು ಕಟ್ಟುವ ಹೊಸ ಕಣ್ಣಿ ಇತ್ತು, ಪೂಜೆ ಮಾಡಿಸಲು ತಂದದ್ದು. ಆ ಹಗ್ಗದಿಂದ ಕೊಡದ ಕೊರಳನ್ನು ಬಿಗಿದು, ಬಸ್ಸಿನೊಳಗೆ ತಲೆಯ ಮೇಲಿದ್ದ ಕಂಬಿಗೆ ತೂಗುಹಾಕುವುದು ಅವಳ ಯೋಚನೆ. ನಮ್ಮ ಅಡುಗೆಮನೆಯಲ್ಲಿ ಬೆಕ್ಕಿಗೆ ಸಿಗದಂತೆ ಮಜ್ಜಿಗೆ ಗಡಿಗೆಯನ್ನು ಹಗ್ಗದ ನೆಲುವಿನಲ್ಲಿ ತೂಗಿಡುತ್ತಿದ್ದೆವು. ನಮ್ಮ ತಲೆ ತಾಗಿ ಅದು ಎಷ್ಟು ತೂಗಾಡಿದರೂ ಮಜ್ಜಿಗೆ ಚೆಲ್ಲುತ್ತಿರಲಿಲ್ಲ. ಅದನ್ನು ನಾವೆಲ್ಲ ದಿನವೂ ನೋಡುತ್ತಿದ್ದೆವು. ಅಕ್ಕನಿಗೆ ಅದು ಬಸ್ಸಿನಲ್ಲಿ ನೆನಪಾಯಿತು.

ಅಪ್ಪ ಗಂಟು ಹಾಕಿದರು. ಕೊಡ ಅಮ್ಮನ ಮುಖದ ಮುಂದೆ ತೂಗತೊಡಗಿತು. ಅಮ್ಮನಿಗೆ ತಡೆಯಲಾಗಲಿಲ್ಲ, ಎರಡು ಕೈಯಲ್ಲೂ ಹಿಡಿದುಬಿಟ್ಟಳು. ಮತ್ತೆ ಒಂದಿಷ್ಟು ಚೆಲ್ಲಿತು.

“ಕೈ ಬಿಡಮ್ಮಾ!” ಎಂದಳು ಅಕ್ಕ.

“ಬಿದ್ರೆ?”

“ಬೀಳಲ್ಲ. ನೀ ಹಿಡಿದ್ರೇ ಚೆಲ್ಲೋದು.”

ಹರಕೆಯ ಕೊಡದಿಂದ ಕೈ ತೆಗೆಯುವುದು ಅಮ್ಮನಿಗೆ ಸುಲಭವಾಗಿರಲಿಲ್ಲ. ಪಂಚಾಕ್ಷರಿ ಹೇಳಿಕೊಳ್ಳುತ್ತ ಒಂದೊಂದೇ ಬೆರಳು ಬಿಟ್ಟಳು. ಮುಂದಿನ ತಿರುವು ಬಂತು. ನಾವೆಲ್ಲ ಒಬ್ಬರ ಮೇಲೊಬ್ಬರು ವಾಲಿದೆವು. ಕೊಡವೂ ವಾಲಿತು, ಆದರೆ ಹಾಲಿನ ಜೊತೆಜೊತೆಗೇ ವಾಲಿತು. ಹಾಲು ಅಂಚು ದಾಟಲಿಲ್ಲ. ಬ್ರೇಕ್ ಹಾಕಿದಾಗ ಮುಂದಕ್ಕೆ ತೂಗಿ ಹಿಂದಕ್ಕೆ ಬಂತು. ಇಸ್ತ್ರಿ ಅಂಗಿಯವರು ತಲೆ ತಗ್ಗಿಸಿ ದಾರಿ ಬಿಟ್ಟರು.

ನಿಂತದ್ದು ನಿಂತೇ ಇರಲು ನೋಡುತ್ತದೆ. ಓಡುತ್ತಿರುವುದು ನೇರ ಓಡುತ್ತಲೇ ಇರಲು ನೋಡುತ್ತದೆ. ಹಾಲಿನ ಸ್ವಭಾವವೂ ಅದೇ, ನಮ್ಮ ಮೈಯ ಸ್ವಭಾವವೂ ಅದೇ. ಅಮ್ಮ ಬಿಗಿಯಾಗಿ ಹಿಡಿದಷ್ಟು ಹೊತ್ತು ಬಸ್ಸು ಕೊಟ್ಟ ನೂಕು ನೇರ ಕೊಡಕ್ಕೆ ಹೋಗುತ್ತಿತ್ತು. ಕೊಡ ತಟ್ಟನೆ ಸರಿಯುತ್ತಿತ್ತು, ಒಳಗಿನ ಹಾಲು ಸರಿಯುತ್ತಿರಲಿಲ್ಲ. ಹಗ್ಗದಲ್ಲಿ ತೂಗಿದ ಮೇಲೆ ಆ ನೂಕು ಕೊಡವನ್ನು ತಟ್ಟನೆ ಎಳೆಯಲಿಲ್ಲ, ಕೊಡವೂ ಹಾಲೂ ಒಟ್ಟಿಗೇ ವಾಲಿದವು. ಇದಕ್ಕೊಂದು ಹೆಸರಿದೆ ಎಂದು ನಮಗೆ ಅವತ್ತು ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಹಾಲು ಚೆಲ್ಲಲಿಲ್ಲ. ಆದರೂ ಗುಡಿಯ ಮೆಟ್ಟಿಲು ಹತ್ತುವಾಗ ಅಮ್ಮನ ಮುಖ ಬಾಡಿತ್ತು. “ಅಯ್ನೋರೆ, ತುಂಬಿದ ಕೊಡ ಅಂದಿದ್ದೆ, ದಾರೀಲಿ ಚೆಲ್ಲಿಹೋಯ್ತು” ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು.

ಪೂಜೆ ಮಾಡುವ ಅಯ್ಯನವರು ಕೊಡ ತೆಗೆದುಕೊಂಡರು. ಲಿಂಗದ ಮೇಲೆ ಸರಪಣಿಯಲ್ಲಿ ತೂಗುವ ತಾಮ್ರದ ಧಾರಾಪಾತ್ರೆಗೆ ಹಾಲು ಸುರಿದರು. ಅದು ತುಂಬಿ, ಅಂಚಿನಿಂದ ಹರಿಯಿತು. ಕೊಡದಲ್ಲಿ ಇನ್ನೂ ಹಾಲಿತ್ತು.

“ನೋಡಿ ತಾಯಿ, ಅವನ ಪಾತ್ರೆ ತುಂಬ್ತು. ನಿಮ್ಮ ಕೊಡದ ಲೆಕ್ಕ ಅವನು ಕೇಳಲ್ಲ” ಎಂದರು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಸೆರಗೂ ಹಾಲೇ ಆಗಿತ್ತು, ಮುಖಕ್ಕೆಲ್ಲ ಹತ್ತಿತು. ಆಗ ನಕ್ಕಳು.

ಈಗ ನಿಮಗೆ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಚೆಲ್ಲುವ ಭಯವಿಲ್ಲ. ಬಸ್ಸಿನ ಬದಲು ಕಾರಿದೆ. ನಾವು ಮೈಮೇಲೆ ಚೆಲ್ಲಿಸಿಕೊಂಡು ಕಂಡದ್ದನ್ನು ನಿಮ್ಮ ಪುಸ್ತಕ ಜಡತ್ವ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ಓದಿದರೆ ಒಳ್ಳೆಯದೇ. ಮೊನ್ನೆ ಶೃಂಗೇರಿಗೆ ಹೊರಟಾಗ, ಈ ಕತೆ ಮೊದಲೇ ಕೇಳಿದ್ದ ಮೊಮ್ಮಗಳು ಬೆಲ್ಟ್ ಬೇಡವೆಂದು ಹಟ ಹಿಡಿದಳು. “ಹಾಲಿನ ಕೊಡಾನ ಸಡಿಲ ಬಿಟ್ರಿ, ನನ್ನನ್ನ ಮಾತ್ರ ಯಾಕಜ್ಜಿ ಕಟ್ಟೋದು?” ಎಂದು ವಾದ ಬೇರೆ.

“ಕೊಡಾನೂ ಮೇಲೆ ಕಟ್ಟಿಯೇ ಬಿಟ್ಟಿದ್ದು ಪುಟ್ಟಿ. ಬ್ರೇಕ್ ಹಾಕಿದ್ರೆ ಕಾರು ನಿಲ್ಲುತ್ತೆ, ನೀನು ನಿಲ್ಲಲ್ಲ. ನಿನ್ನನ್ನ ನಿಲ್ಲಿಸೋಕೆ ಬೆಲ್ಟಾದ್ರೂ ಬೇಕು, ಇಲ್ಲಾ ಮುಂದಿನ ಗಾಜಾದ್ರೂ ಬೇಕು. ಯಾವುದು ಬೇಕು ಹೇಳು” ಎಂದೆ.

ಒಂದು ಗಳಿಗೆ ಗಾಜನ್ನೇ ನೋಡಿದಳು. ಆಮೇಲೆ ಬೆಲ್ಟ್ ಎಳೆದುಕೊಂಡಳು. ಟಕ್ ಎಂದ ಸದ್ದು ಕೇಳಿಸಿದ ಮೇಲೆ ನಾನೂ ನನ್ನದನ್ನು ಹಾಕಿಕೊಂಡೆ.