ಮೂರೂ ಮುಕ್ಕಾಲು

ಚಳಿಗಾಲದ ಟೈರು ಹಾಕಿಸಿಕೊಂಡು ಬಂದ ಮೇಲೆ, ಗಾಳಿ ಸರಿಯಿದೆಯೋ ಇಲ್ಲವೋ ನೋಡೋಣವೆಂದು ಕಾರಿನ ಗ್ಲವ್ ಬಾಕ್ಸಿಗೆ ಕೈ ಹಾಕಿದೆ. ಪೆನ್ನಿನಂಥ ಪುಟ್ಟ ಗೇಜು ಸಿಕ್ಕಿತು. ಅದಕ್ಕೆ ಅಂಟಿದ್ದ ಎಣ್ಣೆಯ, ರಬ್ಬರಿನ ವಾಸನೆ... ಕಾಕಾ ಪಕ್ಕದ ಸೀಟಿನಲ್ಲಿ ಬಂದು ಕೂತಂತಾಯಿತು.

ಕಾಕಾ ನನಗೆ ಸಂಬಂಧಿಯೇನಲ್ಲ. ಅವರು ಧಾರವಾಡದವರು, ನಾನು ಮೈಸೂರಿನವಳು. ಬರ್ಲಿಂಗ್ಟನ್ನಿನ ಕಾರ್ಖಾನೆಯೊಂದರಲ್ಲಿ ಒತ್ತಡ ಅಳೆಯುವ ಗೇಜುಗಳನ್ನು ಪರೀಕ್ಷಿಸುವುದು ನಮ್ಮಿಬ್ಬರ ಕೆಲಸ. ಮನೆಗಳು ಎಟೋಬಿಕೋಕ್‌ನಲ್ಲಿದ್ದುದರಿಂದ ಓಡಾಟ ಒಂದೇ ಕಾರಿನಲ್ಲಿ. ಒತ್ತಡದ ಅಳತೆ ಅಮೆರಿಕದ ಗಿರಾಕಿಗೆ ಪಿಎಸ್‌ಐ, ಇಲ್ಲಿಯವರಿಗೆ ಕಿಲೋಪಾಸ್ಕಲ್, ಯುರೋಪಿನ ಯಂತ್ರಕ್ಕೆ ಬಾರ್. ಮೊದಮೊದಲು ನನ್ನ ತಲೆ ಗಿರ್ರೆನ್ನುತ್ತಿತ್ತು. ಒಂದು ಬಾರ್ ಎಂದರೆ ಹದಿನಾಲ್ಕೂವರೆ ಪಿಎಸ್‌ಐ. ಒಂದು ಪಿಎಸ್‌ಐ ಎಂದರೆ ಹತ್ತಿರ ಹತ್ತಿರ ಏಳು ಕಿಲೋಪಾಸ್ಕಲ್, ಪಾದರಸದ ಲೆಕ್ಕದಲ್ಲಿ ಐವತ್ತೆರಡು ಮಿಲಿಮೀಟರು. ದಾರಿಯುದ್ದಕ್ಕೂ ಕಾಕಾಗೆ ಮಗ್ಗಿ ಒಪ್ಪಿಸುವಂತೆ ಒಪ್ಪಿಸಬೇಕು.

"ಅಂಕಿ ಕೇಳಿ ಹೌಹಾರಬ್ಯಾಡವಾ, ನಗಲೂಬ್ಯಾಡ. ಮೊದಲ ಗುಣಸು" ಎನ್ನುತ್ತಿದ್ದರು.

ಶುಕ್ರವಾರ ವಾಪಸು ಬರುವಾಗ ಔಷಧಿ ಅಂಗಡಿಯ ಮಷಿನ್ನಿನಲ್ಲಿ ಅವರು ಬಿಪಿ ನೋಡಿಕೊಳ್ಳಬೇಕು. ಇದು ನನ್ನ ಕಟ್ಟಪ್ಪಣೆ. ಹಿಂದೊಮ್ಮೆ ನೂರ ಅರವತ್ತು ಬಂದಿದ್ದಕ್ಕೇ ಹಟ ಹಿಡಿದು ಎಮರ್ಜೆನ್ಸಿಗೆ ಕರೆದೊಯ್ದು, ಪಾಪ, ದಿನವಿಡೀ ಕುರ್ಚಿಯಲ್ಲಿ ಕೂರಿಸಿದ್ದೆ.

ಆ ಶುಕ್ರವಾರ ಅಂಗಡಿಯಿಂದ ಕಾರಿಗೆ ನಿಧಾನವಾಗಿ ನಡೆದು ಬಂದರು. ಭಾನುವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ವಾರವೆಲ್ಲ ಬೇರೆ ಮಾತೇ ಇರಲಿಲ್ಲ.

"ಎಷ್ಟು ಬಂತು ಕಾಕಾ?"

"ಮೂರೂ ಮುಕ್ಕಾಲು ಪಿಎಸ್‌ಐ! ಟೈರಿನ್ಯಾಗ ಮೂವತ್ತೆರಡು ಇರ್ತದ. ನನ್ನ ಗಾಳೀನ ಹೋಗೇದ ನೋಡು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುನಗುತ್ತಲೇ ಅವರ ಮನೆಮುಂದೆ ಇಳಿಸಿ ಬಂದೆ.

ಭಾನುವಾರ ಬೆಳಿಗ್ಗೆ ತೊಟ್ಟಿಲು ಕಟ್ಟುತ್ತ ಕುಸಿದರಂತೆ. ಮೆದುಳಿನಲ್ಲಿ ರಕ್ತಸ್ರಾವ. ನಾನು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಹೆಂಡತಿ, ಕಾಕು, ನನ್ನ ಕೈ ಹಿಡಿದು ಕೇಳಿದರು, "ಶುಕ್ರವಾರ ಬಿಪಿ ಎಷ್ಟಿತ್ತವಾ?"

ಮೂರೂ ಮುಕ್ಕಾಲು... ಆಗ ಗುಣಿಸಿದೆ. ಐವತ್ತೆರಡರಿಂದ, ಬಿಪಿ ಅಳೆಯುವ ಪಾದರಸದ ಲೆಕ್ಕಕ್ಕೆ. ನೂರ ತೊಂಬತ್ತೈದು.

ಎಂದೂ ತಪ್ಪು ಅಂಕಿ ಹೇಳಿದ ಮನುಷ್ಯನಲ್ಲ ಅವರು. ಅವತ್ತೂ ಹೇಳಲಿಲ್ಲ, ಅಳತೆಯನ್ನಷ್ಟೇ ಬದಲಾಯಿಸಿದರು. ತೊಟ್ಟಿಲ ಶಾಸ್ತ್ರ ಕಣ್ತುಂಬ ನೋಡಬೇಕಿತ್ತು, ಅಷ್ಟೆ. ಲೆಕ್ಕ ಕಲಿಸಿದ್ದು ನನಗೆ. ಮಾಡಬೇಕಾಗಿದ್ದವಳು ನಾನು. ಕಾಕುಗೆ ಇವತ್ತಿಗೂ ಹೇಳಿಲ್ಲ.

ಮಂಡಿಯೂರಿ ಗೇಜನ್ನು ಟೈರಿಗೆ ಒತ್ತಿದೆ. ಮೂವತ್ತೆರಡು ತೋರಿಸಿತು. ಕಾರಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಟೈರಿಗೆ ಇನ್ನೂರ ಇಪ್ಪತ್ತು ಕಿಲೋಪಾಸ್ಕಲ್ ಎಂದಿದೆ. ಗುಣಿಸಿ ನೋಡಿದೆ. "ಲೆಕ್ಕ ಸರಿಯಿದೆ ಕಾಕಾ" ಎಂದು ಬಾಯಿಗೆ ಬಂತು. ಯಾರಿಗೆ ಹೇಳಲಿ?