ತಲೆ ಮೇಲಿನ ಸೆರಗು

ಹೊನ್ನಾಳಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನನ್ನ ಹೊಲಿಗೆ ಅಂಗಡಿ. ಹೆಂಗಸರ ಬ್ಲೌಸ್ ಬಿಟ್ಟು ಬೇರೇನೂ ಹೊಲಿಯುವುದಿಲ್ಲ. ಅಳತೆ ಕೊಡಲು ಬಂದವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಹಿಂದೆ ನಿಂತು ಟೇಪು ಬಿಚ್ಚುತ್ತಾ ನಾನು ಹೇಳುವ ಮೊದಲ ಮಾತು ಯಾವತ್ತೂ ಒಂದೇ: "ಜಡೆ ಮುಂದೆ ಹಾಕ್ಕೊಳ್ರಿ." ಜಡೆ ಬೆನ್ನ ಮೇಲಿದ್ದರೆ ಹಿಂದಿನ ಕೊರಳಿನ ಅಳತೆ ಎಡವಟ್ಟಾಗುತ್ತದೆ. ಎಷ್ಟು ಸಲ ಹೇಳಿದ್ದೇನೋ, ಲೆಕ್ಕವಿಲ್ಲ. ಅದೇ ಮಾತು ಒಂದು ದಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮೊದಲು ಅದು ಬೆರಳಿಗೆ ಸಿಕ್ಕಿತು. ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಕಿವಿಯ ಹಿಂದೆ ಕೋಟಿನ ಗುಂಡಿಯಷ್ಟು ಜಾಗ ನುಣ್ಣಗಿತ್ತು. ಕೈ ತೆಗೆದು ಮತ್ತೆ ಇಟ್ಟೆ. ಹೌದು, ಅಲ್ಲಿ ಕೂದಲೇ ಇರಲಿಲ್ಲ. ಕೆಲವು ವಾರಗಳಲ್ಲಿ ನೆತ್ತಿಯ ಮೇಲೆ ಒಂದು, ಹಿಂದೆ ಇನ್ನೊಂದು. ಬಾಚಣಿಗೆ ಹಿಡಿದರೆ ಕೈತುಂಬ ಕೂದಲು. ಬೆಳಿಗ್ಗೆ ದಿಂಬು ನೋಡಲು ಹೆದರಿಕೆಯಾಗುತ್ತಿತ್ತು.

ವಿಷಯ ಗೊತ್ತಾದ ಒಂದಿಬ್ಬರು ಗಿರಾಕಿಗಳು ಕೂಡಲೇ ಡಾಕ್ಟರಾದರು. "ಹುಳ ತಿಂದೈತೆ ರೀ, ಈರುಳ್ಳಿ ರಸ ತಿಕ್ರಿ" ಎಂದರು ಒಬ್ಬರು. ತಿಕ್ಕಿದೆ. ಕೂದಲು ಬರಲಿಲ್ಲ, ಆದರೆ ಅಂಗಡಿಗೆ ಬಂದವರೆಲ್ಲ ಒಳಗೆ ಏನೋ ಒಗ್ಗರಣೆ ಆಗುತ್ತಿದೆ ಎಂದುಕೊಂಡರು. ದಾಸವಾಳದ ಎಲೆ ಅರೆದು ಹಚ್ಚಿದೆ. ಕೊನೆಗೆ ದಾವಣಗೆರೆಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಇದು ಅಂಟುವ ರೋಗವಲ್ಲ, ದೇಹವೇ ತಪ್ಪು ತಿಳಿದು ಕೂದಲಿನ ಬೇರಿನ ಮೇಲೆ ಸಿಟ್ಟು ಮಾಡಿಕೊಂಡಿದೆ, ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದು ಅವರು ಸಮಾಧಾನವಾಗಿ ಹೇಳಿದರು. ಮುಲಾಮು ಬರೆದುಕೊಟ್ಟು, "ಟೆನ್ಷನ್ ಮಾತ್ರ ಮಾಡ್ಕೋಬೇಡಿ" ಎಂದರು. ವಾಪಸ್ ಬರುವ ಬಸ್ಸಿನಲ್ಲಿ ನನಗೆ ಅವರ ಮೇಲೆಯೇ ಸಿಟ್ಟು ಬಂತು. ತಲೆ ಬೋಳಾಗುತ್ತಿರುವ ಹೆಂಗಸು ಟೆನ್ಷನ್ ಮಾಡಿಕೊಳ್ಳದೆ ಇನ್ನೇನು ಮಾಡಬೇಕು, ಕಡಲೆಕಾಯಿ ತಿನ್ನಬೇಕೆ?

ನನ್ನ ಗಂಡನ ತಲೆ ಬೋಳಾಗಿ ಎಷ್ಟೋ ವರ್ಷವಾಯಿತು. ಅವರಿಗೆ ಯಾರೂ ಈರುಳ್ಳಿ ತಿಕ್ಕಲು ಹೇಳಿರಲಿಲ್ಲ. ಊರಿನವರು ಆ ತಲೆಗೆ ಹೊಂದಿಕೊಂಡಿದ್ದರು, ಅವರೂ ಹೊಂದಿಕೊಂಡಿದ್ದರು. ನನ್ನನ್ನು ನಗಿಸೋಣವೆಂದು ಒಂದು ದಿನ, "ಬಿಡು, ಇನ್ಮ್ಯಾಲೆ ಮನೆಗೆ ಬಾಚಣಿಗೆ ಖರ್ಚೇ ಇಲ್ಲ" ಎಂದರು. ನಾನು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಅವರು ಮುಲಾಮಿನ ಟ್ಯೂಬು ಹಿಡಿದು ಹಿಂದೆ ನಿಂತು, "ನಿನ್ ಕೈಗೆ ಸಿಗಲ್ಲ, ತಲೆ ಬಗ್ಗಿಸು" ಎಂದರು. ಬಗ್ಗಿಸಿದೆ. ಅಷ್ಟರಲ್ಲೇ ನಮ್ಮ ಜಗಳ ಮುಗಿಯಿತು.

ಅವರಿಗೆ ಹೇಳಿದರೂ ಅರ್ಥವಾಗದ್ದು ಒಂದಿತ್ತು. ದಿನವಿಡೀ ನಾನು ಕನ್ನಡಿಯ ಮುಂದೆ ಇನ್ನೊಬ್ಬರ ಹಿಂದೆ ನಿಲ್ಲುವವಳು. ಎದುರಿಗೆ ಅವರ ಮುಖ ಕಾಣುತ್ತದೆ, ಅವರ ಹೆಗಲ ಮೇಲೆ ನನ್ನದೂ ಕಾಣುತ್ತದೆ. "ಜಡೆ ಮುಂದೆ ಹಾಕ್ಕೊಳ್ರಿ" ಎಂದಾಗ ಅವರು ಒಂದು ಕೈಯಲ್ಲಿ ದಪ್ಪ ಜಡೆಯನ್ನು ಎತ್ತಿ ಎದೆಯ ಮೇಲೆ ಬಿಟ್ಟುಕೊಳ್ಳುತ್ತಾರೆ, ಅದೇನೂ ದೊಡ್ಡದಲ್ಲ ಎನ್ನುವಂತೆ. ನನಗೆ ಹೊಟ್ಟೆಯುರಿಯುತ್ತಿತ್ತು. ಕಾಲೇಜಿಗೆ ಹೋಗುವ ಹುಡುಗಿಯ ಜಡೆ ನೋಡಿ ಹೊಟ್ಟೆ ಉರಿದುಕೊಳ್ಳುವ ವಯಸ್ಸೇ ನನ್ನದು? ಆದರೂ ಉರಿಯುತ್ತಿತ್ತು.

ಉಳಿದ ಕೂದಲಿಗೆ ಚೌರಿ ಕಟ್ಟಿಕೊಂಡು ಕೆಲವು ದಿನ ನಡೆಸಿದೆ. ಒಂದು ಮಧ್ಯಾಹ್ನ ಕೆಳಗೆ ಬಿದ್ದ ಕತ್ತರಿ ಎತ್ತಲು ಬಗ್ಗಿದಾಗ ಆ ಸುಳ್ಳು ಜಡೆ ಕಳಚಿ ಚೂರು ಬಟ್ಟೆಯ ಬುಟ್ಟಿಗೆ ಬಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಆದರೂ ಬಾಗಿಲ ಕಡೆ ನೋಡಿದೆ. ಆಮೇಲೆ ಮಿಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ನನ್ನವರು ತೀರಿಕೊಂಡಿರಲಿಲ್ಲ, ಮನೆ ಬಿದ್ದಿರಲಿಲ್ಲ, ಬರೀ ಕೂದಲು ಹೋಗಿತ್ತು. ಅಷ್ಟಕ್ಕೇ ಇಷ್ಟು ಅಳು ಬರುತ್ತದಲ್ಲ ಎಂದು ನಾಚಿಕೆಯಾಗಿ ಇನ್ನಷ್ಟು ಅತ್ತೆ.

ಮರುದಿನದಿಂದ ತಲೆ ಮೇಲೆ ಸೆರಗು ಹೊದ್ದೆ. ಜಾರದಂತೆ ಎರಡೂ ಕಿವಿಯ ಹತ್ತಿರ ಪಿನ್ನು ಹಾಕಿದೆ. ನಮ್ಮ ಕಡೆ ಹಿರಿಯರ ಮುಂದೆ, ದೇವರ ಮುಂದೆ ಸೆರಗು ಹೊದೆಯುವುದು ಇದ್ದೇ ಇದೆ, ಹಾಗಾಗಿ ಮೊದಲೇ ಗೊತ್ತಿದ್ದ ಒಂದಿಬ್ಬರನ್ನು ಬಿಟ್ಟರೆ ಯಾರಿಗೂ ಅನುಮಾನ ಬರಲಿಲ್ಲ. ಬದಲಿಗೆ ಹೊಗಳಿಕೆ ಶುರುವಾಯಿತು. "ಈಗಿನ್ ಕಾಲ್ದಾಗೆ ಇಷ್ಟು ಗೌರವ ಇಟ್ಕಂಡೋರು ಎಲ್ಲಿ ಸಿಗ್ತಾರೆ ರೀ" ಎಂದು ವಯಸ್ಸಾದ ಗಿರಾಕಿಯೊಬ್ಬರು ತಮ್ಮ ಸೊಸೆಗೆ ಕೇಳಿಸುವ ಹಾಗೆ ಹೇಳಿದರು. ಸುಮ್ಮನೆ ಯಾಕೆ ಸುಳ್ಳು ಹೇಳಲಿ, ಆ ಮಾತು ನನಗೆ ಹಿತವಾಗಿತ್ತು.

ಆ ಹೊತ್ತಿಗೆ ನನ್ನ ಒಬ್ಬಳೇ ಮಗಳನ್ನು ಜಗಳೂರು ತಾಲ್ಲೂಕಿನ ಸೊಕ್ಕೆಗೆ ಕೊಟ್ಟು ವರ್ಷ ತುಂಬಿತ್ತು. ಅವಳಿಗೂ ತಲೆಯ ವಿಷಯ ಹೇಳಿರಲಿಲ್ಲ. ವಿಡಿಯೋ ಕಾಲ್ ಮಾಡಿದಾಗಲೂ ಸೆರಗು ಹೊದ್ದೇ ಮಾತಾಡುತ್ತಿದ್ದೆ. ಬಸುರಿ ಎಂದು ಗೊತ್ತಾದ ಮೇಲೆ ಅವಳನ್ನು ನೋಡಲು ಹೋಗಿ ಬೀಗರ ಮನೆಯಲ್ಲಿ ಎರಡು ದಿನ ಉಳಿದೆ. ಅಡುಗೆಮನೆಯಲ್ಲೂ ಸೆರಗು, ಊಟಕ್ಕೆ ಕುಳಿತರೂ ಸೆರಗು. ಬೀಗಿತ್ತಿ, ಎಂದರೆ ಮಗಳ ಅತ್ತೆ, ನನ್ನನ್ನು ಬಾಯಿ ತುಂಬ ಹೊಗಳಿ ಬಸ್ಸು ಹತ್ತಿಸಿದರು.

ಅಲ್ಲಿಂದ ಬಂದ ಮೇಲೆ ಮಗಳ ಮಾತು ಯಾಕೋ ಬದಲಾಯಿತು. ಫೋನ್ ಮಾಡಿದರೆ ಹೂಂ, ಉಹೂಂ, ಅಷ್ಟೆ. ಸೆರಗು ಎಲ್ಲೋ ಸರಿದಾಗ ನನ್ನ ತಲೆ ನೋಡಿರಬೇಕು, ಅತ್ತೆ ಮನೆಯವರ ಮುಂದೆ ಇಂಥ ತಾಯಿಯೆಂದು ಅವಳಿಗೆ ನಾಚಿಕೆಯಾಗಿರಬೇಕು ಎಂದು ನಾನೇ ತೀರ್ಮಾನಿಸಿದೆ. ಅಷ್ಟರಲ್ಲಿ ಅವಳ ಕುಬಸಕ್ಕೆ ದಿನ ಗೊತ್ತುಮಾಡಿದರು. ಸೀಮಂತಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹೊಸ ಕುಬಸ (ಬ್ಲೌಸಿಗೂ ಅದೇ ಹೆಸರು) ತೆಗೆದುಕೊಂಡು ಹೋಗಿ ಮಗಳ ಉಡಿ ತುಂಬಬೇಕು. ಅಷ್ಟು ಜನ ಹೆಂಗಸರು ಸೇರುವ ಕಡೆ, ಒಬ್ಬರಿಗೊಬ್ಬರು ಹೂ ಮುಡಿಸುವ ಕಡೆ ನಾನು ಹೋಗುವುದು ಹೇಗೆ? ಮೈ ಹುಷಾರಿಲ್ಲ ಎಂದು ಹೇಳಿ ನನ್ನ ತಂಗಿಯನ್ನು ಕಳಿಸಿಬಿಡೋಣ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಬ್ಲೌಸಿನ ಅಳತೆ ಕೊಡಲು ಮಗಳು ಹೊನ್ನಾಳಿಗೆ ಬಂದಳು. ಕನ್ನಡಿಯ ಮುಂದೆ ನಿಂತಳು. ಅವಳ ತಲೆಯ ಮೇಲೂ ಸೆರಗಿತ್ತು. ಮದುವೆಗೆ ಮುಂಚೆ ವೇಲು ಹಾಕಿಕೋ ಎಂದರೂ ಕೇಳದಿದ್ದ ಹುಡುಗಿ.

"ಇದೇನೇ ಹೊಸ ವೇಷ?" ಎಂದೆ.

"ನಿನ್ನಿಂದ್ಲೇ" ಎಂದಳು, ಕನ್ನಡಿಯೊಳಗಿನಿಂದ ನನ್ನನ್ನೇ ನೋಡುತ್ತಾ. "ನೀನು ಬಂದು ಹೋದ ದಿನದಿಂದ ಅತ್ತೆ ಹಿಡ್ಕಂಡವ್ರೆ. 'ನಿಮ್ಮಮ್ಮನ್ನ ನೋಡು, ಎಷ್ಟು ಗೌರವಸ್ತರು, ನೀನು ಬರೇ ತಲೇಲಿ ತಿರುಗ್ತೀಯಾ' ಅಂತ. ಈ ಬಿಸಿಲಾಗೆ, ಈ ಹೊಟ್ಟೆ ಇಟ್ಕಂಡು, ಒಲೆ ಮುಂದೇನೂ ಹೊದ್ಕಂಡೇ ಇರ್ಬೇಕು. ತಲೆ ಎಲ್ಲಾ ಬೆವರುಸಾಲೆ. ನಿನಗೆ ಯಾಕಮ್ಮ ಬೇಕಿತ್ತು ಈ ಗೌರವ?"

ತಪ್ಪು ಯಾರದೇ ಇರಲಿ, ಮೊದಲು ಸಿಟ್ಟು ಬರುವುದು ನನಗೇ. "ಸೆರಗು ಹೊದ್ರೆ ಏನ್ ಸತ್ತೋಗ್ತೀಯಾ?" ಎಂದು ರೇಗಿದೆ. ಅವಳ ಕಣ್ಣು ತುಂಬಿತು. ಆಗ ನನಗೆ ತಡೆಯಲಾಗಲಿಲ್ಲ. ಪಿನ್ನು ಬಿಚ್ಚಿ ಸೆರಗು ಇಳಿಸಿದೆ.

ಕನ್ನಡಿಯಲ್ಲಿ ಇಬ್ಬರೂ ನನ್ನ ತಲೆಯನ್ನೇ ನೋಡಿದೆವು. ಅವಳು ತಿರುಗಿ ನೆತ್ತಿಯ ಮೇಲೆ, ಬರಿ ಚರ್ಮದ ಮೇಲೆ, ಅಂಗೈ ಇಟ್ಟಳು. ಮುಲಾಮು ಹಚ್ಚುವ ಗಂಡನನ್ನು ಬಿಟ್ಟರೆ ಅಲ್ಲಿ ಬೇರೆ ಯಾರ ಕೈಯೂ ಬಿದ್ದಿರಲಿಲ್ಲ.

"ನೋವಾಗುತ್ತಾ?"

"ಇಲ್ಲ."

"ಹೇಳ್ಬಾರ್ದೇನಮ್ಮಾ" ಎಂದು ಮೂಗು ಒರೆಸಿಕೊಂಡಳು. ಮತ್ತೆ ಕನ್ನಡಿಯ ಕಡೆ ತಿರುಗಿ, "ಅಲ್ಲಿ ಯಾರಿಗೂ ಹೇಳೋದು ಬ್ಯಾಡ. ನೀನು ಹೊದ್ಕಂಡೇ ಬಾ. ನಾನೂ ಹೊದ್ಕಂಡಿರ್ತೀನಿ, ಏನಾಗಲ್ಲ" ಎಂದಳು.

ಆ 'ಏನಾಗಲ್ಲ' ನನ್ನನ್ನು ಚುಚ್ಚಿತು. ನಾನು ಅಳತೆ ತೆಗೆದುಕೊಂಡೆ. ಜಡೆ ಮುಂದೆ ಹಾಕಿಕೋ ಎನ್ನಲು ಬಾಯಿ ಬರಲಿಲ್ಲ, ನಾನೇ ಕೈಯಿಂದ ಸರಿಸಿದೆ. ಜಡೆಯ ಕೆಳಗೆ ಕುತ್ತಿಗೆ ತುಂಬ ಕೆಂಪು ಬೆವರುಗುಳ್ಳೆ. ತಂಗಿಯನ್ನು ಕಳಿಸುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಹೋಗುವುದೇನೋ ಸರಿ, ಆದರೆ ಅಲ್ಲಿ ಏನು ಮಾಡಬೇಕು ಎನ್ನುವುದು ಮಾತ್ರ ತಿಳಿಯಲಿಲ್ಲ. ಧೈರ್ಯ ಬಂದಿರಲಿಲ್ಲ. ಕೂದಲು ಹೋದರೆ ಹೋಗಲಿ ಎನ್ನುವ ದೊಡ್ಡ ಮನಸ್ಸು ನನಗೆ ಈಗಲೂ ಬಂದಿಲ್ಲ.

ಕುಬಸದ ದಿನ ಸೊಕ್ಕೆಯಲ್ಲಿ ಬೀಗರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಗಾಳಿ ಎಂಬುದೇ ಇರಲಿಲ್ಲ. ಮಗಳನ್ನು ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು, ಮೊಗ್ಗಿನ ಜಡೆ ಹೆಣೆದಿದ್ದರು. ನಾನು ಅಕ್ಕಿ, ಕೊಬ್ಬರಿ, ಬಾಳೆಹಣ್ಣಿನ ತಟ್ಟೆ ಹಿಡಿದು ಉಡಿ ತುಂಬಲು ಮುಂದೆ ಬಂದೆ. ಬೀಗಿತ್ತಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದವರು ಸುತ್ತಲಿನ ಸೊಸೆಯಂದಿರಿಗೆಲ್ಲ ಗದರಿಸಿದರು: "ಸೆರಗು ಹೊದ್ಕಳ್ರೇ. ನಮ್ಮ ಬೀಗ್ರನ್ನ ನೋಡಿ ಕಲೀರಿ."

ಮಗಳು ಮೊಗ್ಗಿನ ಜಡೆಯ ಮೇಲೆಯೇ ಸೆರಗು ಎಳೆದುಕೊಂಡಳು. ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಿತ್ತು. ನನ್ನ ಕಡೆ ನೋಡಲಿಲ್ಲ. ನೋಡಿದರೆ ಎಲ್ಲಿ ನನಗೆ ಬೇಜಾರಾಗುತ್ತದೋ ಎಂದು ನೋಡಲಿಲ್ಲ.

ನಾನು ತಟ್ಟೆ ಕೆಳಗಿಟ್ಟೆ. ಒಂದು ಪಿನ್ನು ತೆಗೆದೆ. ಇನ್ನೊಂದು ಬೇಗ ಬರಲಿಲ್ಲ, ಎಳೆದೇ ತೆಗೆದೆ. ಸೆರಗು ಹೆಗಲಿಗೆ ಬಿತ್ತು.

"ಬೀಗ್ರೇ, ನಂದು ಗೌರವ ಅಲ್ಲ ರೀ. ಕೂದ್ಲು ಉದುರಿ ಹೋಗೈತೆ, ಮುಚ್ಚಾಕೆ ಅಂತ ಹೊದ್ದಿದ್ದೆ. ನನ್ನ ನೋಡಿ ಆ ಹುಡುಗೀಗೆ ಹೊದಿಸ್ಬ್ಯಾಡ್ರಿ, ಅದಕ್ಕೆ ಸೆಕೆ ಆಗ್ತೈತೆ."

ಹಾಡು ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಹಿಂದೆ ಯಾರೋ "ಅಯ್ಯೋ ಶಿವನೇ" ಎಂದರು. ಬೀಗಿತ್ತಿ ನನ್ನ ತಲೆ ನೋಡಿದರು, ಮುಖ ನೋಡಿದರು, ಮತ್ತೆ ತಲೆ ನೋಡಿದರು. ಕರುಣೆಯ ಮಾತು ಬರುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಬಂದದ್ದು ಸಿಟ್ಟು.

"ಅಲ್ರೀ, ಮೊದ್ಲೇ ಹೇಳಾಕೆ ಏನಾಗಿತ್ತು ನಿಮಗೆ? ಬೀಗ್ರು ಹೊದೀತಾರೆ, ನಾನು ಹೊದೀದಿದ್ರೆ ಹೆಂಗೆ ಅಂತ ಈ ವಯಸ್ನಾಗೆ ನಾನೂ ಹೊದ್ಕಂಡು ಬೇಯ್ತಾ ಇದೀನಲ್ರೀ!"

ಹಾಗೆಂದವರೇ ತಮ್ಮ ಸೆರಗನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನಗುವಿನ ನಡುವೆ ಸೊಸೆಯಂದಿರ ಸೆರಗುಗಳೂ ಒಂದೊಂದಾಗಿ ಇಳಿದವು.

ಬೀಗಿತ್ತಿ ಬುಟ್ಟಿಯಿಂದ ಒಂದು ತುಂಡು ಮಲ್ಲಿಗೆ ತೆಗೆದುಕೊಂಡು ನನ್ನ ಹಿಂದೆ ಬಂದರು. "ಎಲ್ಲಿ ಮುಡಿಸ್ಲಿ?" ಎಂದು ಕೇಳಿದರು, ಈಗ ಮೆಲ್ಲಗೆ. "ಎಲ್ಲಿ ನಿಲ್ಲುತ್ತೋ ಅಲ್ಲಿ" ಎಂದೆ. ಎಡಗಿವಿಯ ಮೇಲೆ ಉಳಿದಿದ್ದ ನಾಲ್ಕು ಕೂದಲಿಗೆ, ನಾನು ಆಗಷ್ಟೇ ಬಿಚ್ಚಿದ ಪಿನ್ನನ್ನೇ ಇಸಿದುಕೊಂಡು, ಹೂವನ್ನು ಸಿಕ್ಕಿಸಿದರು. ಅದು ನಿಂತಿತು.

ನಾನು ಉಡಿ ತುಂಬಿದೆ. ಮುಗಿಯುತ್ತಿದ್ದಂತೆ ಮಗಳು ಕುರ್ಚಿಯಲ್ಲೇ ಪಕ್ಕಕ್ಕೆ ತಿರುಗಿ, "ಅಮ್ಮ, ಹಿಂದ್ಗಡೆ ದಾರ ಬಿಚ್ಚೈತೆ ನೋಡು" ಎಂದಳು. ನಾನು ಹೇಳುವ ಮೊದಲೇ ಆ ಭಾರದ ಮೊಗ್ಗಿನ ಜಡೆಯನ್ನು ಎತ್ತಿ ಮುಂದೆ ಹಾಕಿಕೊಂಡಳು. ನಾನು ಹೊಲಿದ ಹಸಿರು ಕುಬಸ ಬೆನ್ನಿಗೆ ಒದ್ದೆಯಾಗಿ ಅಂಟಿತ್ತು. ಕುತ್ತಿಗೆಯ ಗುಳ್ಳೆಗಳು ಹಾಗೇ ಇದ್ದವು. ದಾರ ಕಟ್ಟಿದೆ. ಆಮೇಲೆ ಹೆಗಲಿಂದ ಜೋತುಬಿದ್ದಿದ್ದ ನನ್ನ ಸೆರಗನ್ನು ಮಡಚಿ ಹಿಡಿದು, ಆ ಕುತ್ತಿಗೆಗೆ ಗಾಳಿ ಬೀಸುತ್ತಾ ನಿಂತೆ.